ಯುದ್ಧಕಾಲದ ಜರ್ಮನಿಯ ಅಂಚೆಚೀಟಿಗಳು

ಅಂಚೆಚೀಟಿಗಳನ್ನು ಕೂಡಿಡುವ ಹವ್ಯಾಸವು ನಮ್ಮಲ್ಲಿ ಬಹುಮಂದಿಗೆ ಬಾಲ್ಯದಲ್ಲಿಯೇ ಹತ್ತಿಕೊಳ್ಳುವುದು. ಹಿರಿಯರ ಪೆಟ್ಟಿಗೆಯಲ್ಲಿರುವ ಹಳೆಯ ಲಕೋಟೆಗಳನ್ನು ನೀರಿನಲ್ಲಿ ನೆನೆಯಿಸಿ, ಚೀಟಿಯನ್ನು ಮೆಲ್ಲನೆ ಬಿಡಿಸಿ, ಆರಲು ಹಾಕಿ, ದೇಶದೇಶಕ್ಕೂ ಒಂದೊಂದು ಹಾಳೆಯನ್ನು ಮೀಸಲಿಟ್ಟು ಅಂಟಿಸುವುದೇ ಅದರ ಮೊದಲ ಪಾಠ. ಹಾಗೆ ಬೆಳೆದ ಪುಸ್ತಕವನ್ನು ತಿರುವುತ್ತ ಜರ್ಮನಿಯ ಹಾಳೆಗೆ ಬಂದಾಗ ನಮ್ಮ ಕೈ ಒಮ್ಮೆ ತಡೆಯುತ್ತದೆ. ಅಲ್ಲಿ ಕೆಂಪು ಬಣ್ಣದ ಒಂದು ಸಣ್ಣ ಚೀಟಿ ಇದೆ. ಅದರ ಮೇಲೆ ತುಂಡುಮೀಸೆಯ ಒಂದು ಮುಖ, ಜೊತೆಗೆ ೧೨ ಎಂಬ ಅಂಕೆ. ಮುಖ ಹಿಟ್ಲರನದು, ಬೆಲೆ ಹನ್ನೆರಡು ಫೆನ್ನಿಗ್. ನೂರು ಫೆನ್ನಿಗ್ ಕೂಡಿದರೆ ಅಂದಿನ ಒಂದು ಮಾರ್ಕು.

ಈ ಚೀಟಿಯನ್ನು ಕಂಡವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುವರು. ಇದಕ್ಕೆ ಬಹಳ ಬೆಲೆ ಬರುವುದೇ ಎಂಬುದು ಒಂದು. ಇಂಥದನ್ನು ಇಟ್ಟುಕೊಳ್ಳುವುದು ಸರಿಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ಇಲ್ಲ. ಕೋಟಿಗಟ್ಟಲೆ ಅಚ್ಚಾದ ವಸ್ತು ಅಪೂರ್ವವಾಗಲಾರದು. ಎರಡನೆಯದಕ್ಕೆ ಅಷ್ಟು ಸುಲಭವಾಗಿ ಉತ್ತರ ಕೊಡಲಾಗದು. ಚೀಟಿಯ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಂಡ ಮೇಲೆಯೇ ಅದನ್ನು ವಿಚಾರಿಸಬೇಕು.

ಹಿಟ್ಲರನು ಜರ್ಮನಿಯ ಅಧಿಕಾರಕ್ಕೆ ಬಂದದ್ದು ೧೯೩೩ರ ಜನವರಿಯಲ್ಲಿ. ಆದರೆ ನಿತ್ಯದ ಚೀಟಿಗಳ ಮೇಲೆ ಅವನ ಮುಖ ಕೂಡಲೇ ಕಾಣಿಸಿಕೊಳ್ಳಲಿಲ್ಲ. ಆಗ ಬಳಕೆಯಲ್ಲಿದ್ದದ್ದು ರಾಷ್ಟ್ರಾಧ್ಯಕ್ಷನಾಗಿದ್ದ ವೃದ್ಧ ಸೇನಾನಿ ಹಿಂಡೆನ್‌ಬರ್ಗನ ಚಿತ್ರ. ಆತನು ೧೯೩೪ರ ಆಗಸ್ಟಿನಲ್ಲಿ ತೀರಿಕೊಂಡನು. ಚೀಟಿಗಳು ಮಾತ್ರ ಇನ್ನೂ ಏಳು ವರ್ಷ ಹಾಗೆಯೇ ಮುಂದುವರಿದುವು. ಆದರೂ ಹೊಸ ಆಳ್ವಿಕೆ ಸುಮ್ಮನಿರಲಿಲ್ಲ. ಹಿಂಡೆನ್‌ಬರ್ಗನ ಎರಡು ಚೀಟಿಗಳನ್ನು, ೧೯೩೩ರದೊಂದನ್ನೂ ಅದರ ಮುಂದಿನ ಕಾಲದ್ದೊಂದನ್ನೂ, ಬೆಳಕಿಗೆ ಹಿಡಿದು ನೋಡಿದರೆ ಇದು ತಿಳಿಯುವುದು. ಮುಖ ಒಂದೇ, ಬಣ್ಣ ಒಂದೇ. ಆದರೆ ಮೊದಲನೆಯದರ ಕಾಗದದೊಳಗೆ ಬಲೆಯಂಥ ಗುರುತು, ೧೯೩೪ರಿಂದ ಈಚಿನದರಲ್ಲಿ ಸ್ವಸ್ತಿಕಗಳ ಸಾಲು. ಮುದುಕನ ಮುಖದ ಹಿಂದೆ ಹೊಸ ಯಜಮಾನನ ಮುದ್ರೆ ಅಡಗಿ ಕುಳಿತಿತ್ತು.

ಸ್ವಸ್ತಿಕವೆಂದಾಗ ಒಂದು ಮಾತು ಹೇಳಲೇಬೇಕು. ನಮ್ಮ ಹೊಸ್ತಿಲಿನ ರಂಗವಲ್ಲಿಯಲ್ಲಿ ಮಂಗಳವನ್ನು ಸೂಚಿಸುವ ಚಿಹ್ನೆಯ ಆಕಾರ ಇದರದಾದರೂ, ಜರ್ಮನರು ಅದನ್ನು ತಮ್ಮ ಭಾಷೆಯಲ್ಲಿ ಕೊಕ್ಕೆಯ ಶಿಲುಬೆಯೆಂದು ಕರೆದರು. ಅದಕ್ಕೆ ಅವರು ತುಂಬಿದ ಅರ್ಥವೂ ಬೇರೆ. ಆಕಾರದ ಹೋಲಿಕೆಯಿಂದ ನಾವು ಮೋಸಹೋಗಬಾರದು.

ಹಿಟ್ಲರನ ಚಿತ್ರವುಳ್ಳ ಚೀಟಿ ಮೊದಲು ಬಂದದ್ದು ೧೯೩೭ರಲ್ಲಿ, ಅವನ ಹುಟ್ಟುಹಬ್ಬದ ಸಂದರ್ಭಕ್ಕೆ. ನಾಲ್ಕು ಚೀಟಿಗಳ ಒಂದು ಪುಟ್ಟ ಹಾಳೆ ಅದು. ಅಲ್ಲಿಂದ ೧೯೪೪ರವರೆಗೆ ಪ್ರತಿ ವರ್ಷವೂ ಹುಟ್ಟುಹಬ್ಬದ ಚೀಟಿ ತಪ್ಪಲಿಲ್ಲ. ೧೯೩೮ರಿಂದ ೧೯೪೨ರವರೆಗೆ ಇವುಗಳ ಬೆಲೆಯನ್ನು ೧೨+೩೮ ಎಂದು ಅಚ್ಚುಮಾಡಿದರು. ಈ ಕೂಡಿಕೆಯ ಅರ್ಥವನ್ನು ಗಮನಿಸಬೇಕು. ಹನ್ನೆರಡು ಫೆನ್ನಿಗ್ ಅಂಚೆಯ ಕೂಲಿ. ಉಳಿದ ಮೂವತ್ತೆಂಟು ಹಿಟ್ಲರನ ಹೆಸರಿನ ಸಂಸ್ಕೃತಿನಿಧಿಗೆ. ಕೂಲಿಗಿಂತ ಕಾಣಿಕೆಯೇ ಮೂರು ಪಾಲು ಹೆಚ್ಚು! ೧೯೪೪ರಲ್ಲಿ ಇದು ೫೪+೯೬ಕ್ಕೆ ಏರಿತು. ಚಳಿಗಾಲದ ಬಡವರ ಸಹಾಯಕ್ಕೆಂದು ಹೊರಟ ಚೀಟಿಗಳಿಗೂ ಇಂಥ ಹೆಚ್ಚುವರಿ ಹಣದ ಬಾಲ ಇರುತ್ತಿತ್ತು.

೧೯೪೧ರ ಆಗಸ್ಟಿನಲ್ಲಿ ಹಿಂಡೆನ್‌ಬರ್ಗನನ್ನು ಬದಿಗಿರಿಸಿ ಹಿಟ್ಲರನ ತಲೆಯುಳ್ಳ ನಿತ್ಯಬಳಕೆಯ ಚೀಟಿಗಳನ್ನು ಹೊರಡಿಸಿದರು. ಅವನ ಆಪ್ತ ಛಾಯಾಚಿತ್ರಗಾರನಾದ ಹಾಫ್‌ಮನ್ ತೆಗೆದ ಪಟವೇ ಅದಕ್ಕೆ ಮೂಲ. ಈ ಚೀಟಿಗಳ ಮೇಲೆ ತನ್ನ ಮುಖವಿದ್ದುದಕ್ಕಾಗಿ ಹಿಟ್ಲರನಿಗೆ ಹಣ ಸಲ್ಲುತ್ತಿತ್ತೆಂದು ಅವನ ಮಂತ್ರಿಯಾಗಿದ್ದ ಸ್ಪೇರ್ ತನ್ನ ಸ್ಮೃತಿಗ್ರಂಥದಲ್ಲಿ ಬರೆದಿದ್ದಾನೆ. ಊರಿಂದೂರಿಗೆ ಹೋಗುವ ಸಾಧಾರಣ ಪತ್ರಕ್ಕೆ ಆಗ ಹನ್ನೆರಡು ಫೆನ್ನಿಗ್ ತಗಲುತ್ತಿತ್ತು. ಊರೊಳಗಿನ ಪತ್ರಕ್ಕೆ ಎಂಟು, ಕಾರ್ಡಿಗೆ ಆರು. ಆದಕಾರಣ ಕೆಂಪು ಬಣ್ಣದ ಹನ್ನೆರಡರ ಚೀಟಿಯೇ ಎಲ್ಲ ಮನೆಗಳ ಬಾಗಿಲಿಗೂ ಹೋಯಿತು. ಭಾಷಣವನ್ನು ಕೇಳಲೊಲ್ಲದವನು ಕಿವಿ ಮುಚ್ಚಿಕೊಳ್ಳಬಹುದು. ವೃತ್ತಪತ್ರಿಕೆಯನ್ನು ಒಲ್ಲದವನು ಕೊಳ್ಳದಿರಬಹುದು. ತಾಯಿಗೆ ಪತ್ರ ಬರೆಯುವವನು ಮಾತ್ರ ಚೀಟಿಯನ್ನು ಅಂಟಿಸದೆ ವಿಧಿಯಿಲ್ಲ. ಪ್ರಚಾರದ ಸಾಧನವಾಗಿ ಅಂಚೆಚೀಟಿಗಿರುವ ಬಲ ಇದೇ.

ಯುದ್ಧವು ಮುಂದುವರಿದಂತೆ ಚೀಟಿಗಳ ಧ್ವನಿಯೂ ಏರಿತು. ೧೯೪೩ರ ಮಾರ್ಚಿನಲ್ಲಿ, ವೀರಸ್ಮರಣೆಯ ದಿನಕ್ಕೆಂದು, ಹನ್ನೆರಡು ಚೀಟಿಗಳ ಒಂದು ಮಾಲೆ ಬಂತು. ಜಲಾಂತರ್ಗಾಮಿ ನೌಕೆ, ಟ್ಯಾಂಕು, ಬಾಂಬು ಹಾಕುವ ವಿಮಾನ, ಕೊಡೆ ಹಿಡಿದು ಇಳಿಯುವ ಸೈನಿಕರು—ಹೀಗೆ ಒಂದೊಂದು ಚೀಟಿಯೂ ಒಂದೊಂದು ಆಯುಧದ ಸ್ತುತಿ. ಅದಕ್ಕೆ ಕೆಲವೇ ವಾರಗಳ ಹಿಂದೆ ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನಿಯ ಆರನೆಯ ಸೈನ್ಯವು ಶರಣಾಗಿತ್ತೆಂಬುದನ್ನು ಈ ಚಿತ್ರಗಳಿಂದ ಯಾರೂ ಊಹಿಸಲಾರರು. ಅದೇ ವರ್ಷದ ಕೊನೆಯಿಂದ ‘ಜರ್ಮನ್ ಸಾಮ್ರಾಜ್ಯ’ವೆಂಬ ಬರಹ ಹೋಗಿ ‘ಮಹಾಜರ್ಮನ್ ಸಾಮ್ರಾಜ್ಯ’ವೆಂಬುದು ಬರತೊಡಗಿತು. ಸೀಮೆ ಕುಗ್ಗುತ್ತಿದ್ದಾಗ ಹೆಸರು ಹಿಗ್ಗಿತು.

ಗೆದ್ದ ನಾಡುಗಳ ಕಥೆಯನ್ನೂ ಚೀಟಿಗಳಲ್ಲಿಯೇ ಓದಬಹುದು. ೧೯೩೯ರಲ್ಲಿ ಪೋಲೆಂಡಿಗಾಗಿ ಹಿಂಡೆನ್‌ಬರ್ಗನ ಚೀಟಿಗಳ ಮೇಲೆ ಹೊಸ ಹೆಸರನ್ನೂ ಪೋಲೆಂಡಿನ ನಾಣ್ಯದ ಬೆಲೆಯನ್ನೂ ಅಚ್ಚೊತ್ತಿದರು. ೧೯೪೦ರಲ್ಲಿ ಅಲ್ಸಾಸ್, ಲೊರೇನ್, ಲಕ್ಸೆಂಬರ್ಗುಗಳಿಗೂ, ೧೯೪೧ರಲ್ಲಿ ಹಿಟ್ಲರನ ತಲೆಯ ಮೇಲೆ ಯುಕ್ರೇನ್ ಮತ್ತು ಬಾಲ್ಟಿಕ್ ಪ್ರಾಂತಗಳಿಗೂ ಇದೇ ಕ್ರಮ ನಡೆಯಿತು. ಸಂಗ್ರಾಹಕನು ಎಚ್ಚರದಿಂದಿರಬೇಕಾದ ಎಡೆ ಇದು. ಕೆಳಗಿನ ಚೀಟಿ ಅಗ್ಗ, ಮೇಲಚ್ಚು ದುಬಾರಿ. ಆದ್ದರಿಂದ ಕಳ್ಳಮೇಲಚ್ಚುಗಳಿಗೆ ಕೊರತೆಯಿಲ್ಲ. ಬಲ್ಲವರ ಪರೀಕ್ಷೆಯಿಲ್ಲದೆ ಇಂಥವುಗಳಿಗೆ ಹಣ ತೆರಬಾರದು.

ಆಳುವವರ ಮಾತಿಗೆ ಆಳಿಸಿಕೊಂಡವರು ಚೀಟಿಯಲ್ಲಿಯೇ ಉತ್ತರ ಕೊಟ್ಟದ್ದೂ ಉಂಟು. ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪವು ೧೯೪೦ರಿಂದ ೧೯೪೫ರವರೆಗೆ ಜರ್ಮನರ ವಶದಲ್ಲಿತ್ತು. ಅಲ್ಲಿ ೧೯೪೧ರಲ್ಲಿ ಸ್ಥಳೀಯವಾಗಿ ಹೊರಟ ಒಂದು ಪೆನ್ನಿಯ ಚೀಟಿಗೆ ಚಿತ್ರ ಬರೆದವನು ಮೇಜರ್ ರಿಬಟ್ ಎಂಬಾತ. ಅದರ ನಾಲ್ಕು ಮೂಲೆಗಳಲ್ಲಿ ಅವನು ನಾಲ್ಕು ಸೂಕ್ಷ್ಮವಾದ ‘ಎ’ ಅಕ್ಷರಗಳನ್ನು ಅಡಗಿಸಿದನು. ‘ಕ್ರೂರಿಯಾದ ಅಡಾಲ್ಫನೇ, ನರಕಕ್ಕೆ ಹೋಗು’ ಎಂಬರ್ಥದ ಲ್ಯಾಟಿನ್ ವಾಕ್ಯದ ನಾಲ್ಕು ಪದಗಳ ಮೊದಲಕ್ಷರಗಳು ಅವು. ಜರ್ಮನ್ ಅಧಿಕಾರಿಗಳ ಕಣ್ಣೆದುರಿನಲ್ಲಿಯೇ ಈ ಶಾಪವು ಮನೆಮನೆಗೂ ಹಂಚಿಕೆಯಾಯಿತು. ಯುದ್ಧದ ಕೊನೆಗಾಲದಲ್ಲಿ ಅಮೆರಿಕದ ಗುಪ್ತಚಾರರು ಹನ್ನೆರಡು ಫೆನ್ನಿಗಿನ ಚೀಟಿಯನ್ನೇ ಅನುಕರಿಸಿ, ಹಿಟ್ಲರನ ಮುಖದ ಮಾಂಸವನ್ನು ಕರಗಿಸಿ ತಲೆಬುರುಡೆಯನ್ನು ತೋರಿಸಿ, ‘ಹಾಳಾದ ಸಾಮ್ರಾಜ್ಯ’ವೆಂಬ ಅರ್ಥದ ಬರಹವನ್ನು ಅಚ್ಚುಮಾಡಿದರು.

ಭಾರತೀಯರಾದ ನಮಗೆ ಹತ್ತಿರದ ಒಂದು ಸಂಗತಿಯೂ ಈ ಪುಟದಲ್ಲಿದೆ. ಸುಭಾಷಚಂದ್ರ ಬೋಸರು ೧೯೪೧ರಿಂದ ೧೯೪೩ರ ಆರಂಭದವರೆಗೆ ಜರ್ಮನಿಯಲ್ಲಿದ್ದರಷ್ಟೆ. ‘ಆಜಾದ್ ಹಿಂದ್’ ಹೆಸರಿನ ಚೀಟಿಗಳು ೧೯೪೩ರಲ್ಲಿ ಬರ್ಲಿನಿನ ಸರ್ಕಾರೀ ಮುದ್ರಣಾಲಯದಲ್ಲಿಯೇ ಅಚ್ಚಾದುವು. ನೇಗಿಲು ಹಿಡಿದ ರೈತ, ನೂಲುವ ಹೆಂಗಸು, ಗಾಯಾಳುವನ್ನು ಉಪಚರಿಸುವ ದಾದಿ, ಭಾರತದ ನಕ್ಷೆಯ ಮೇಲೆ ಕಡಿದುಬೀಳುವ ಸರಪಳಿ—ಇವು ಅವುಗಳ ಚಿತ್ರಗಳು. ಬೆಲೆ ಆಣೆ ರೂಪಾಯಿಗಳಲ್ಲಿ. ಇವನ್ನು ರಚಿಸಿದ ಆಕ್ಸ್ಟರ್-ಹಾಯ್ಡ್‌ಲಾಸ್ ದಂಪತಿಗಳು ಆ ಕಾಲದ ಜರ್ಮನ್ ಚೀಟಿಗಳನ್ನೂ ಅನೇಕವಾಗಿ ಬರೆದವರು. ಒಂದು ಪತ್ರವನ್ನಾದರೂ ಸಾಗಿಸುವ ಯೋಗ ಈ ಚೀಟಿಗಳಿಗೆ ಬರಲಿಲ್ಲ. ನಮ್ಮ ಬಿಡುಗಡೆಯ ಹಂಬಲವೂ, ಇತರರ ಬಿಡುಗಡೆಯನ್ನು ತುಳಿದವರ ಅಚ್ಚುಕೂಟವೂ ಒಂದೇ ಕಾಗದದ ಮೇಲೆ ಕೂಡಿದುವೆಂಬುದನ್ನು ನೆನೆದರೆ ಮನಸ್ಸು ಸುಲಭವಾಗಿ ಸಮಾಧಾನಗೊಳ್ಳದು.

ಇದುವರೆಗೆ ನಾವು ಚೀಟಿಯನ್ನು ಮಾತ್ರ ನೋಡಿದೆವು. ಇನ್ನು ಅದನ್ನು ಹೊತ್ತ ಲಕೋಟೆಯ ಕಡೆಗೆ ತಿರುಗೋಣ. ನಿಜವಾದ ಚರಿತ್ರೆ ಅಲ್ಲಿಯೇ ಇರುವುದು. ಹನ್ನೆರಡು ಫೆನ್ನಿಗಿನ ಚೀಟಿಯುಳ್ಳ ಲಕೋಟೆಯೊಂದು ಕೈಗೆ ಬಂತೆನ್ನಿ. ಕಳುಹಿಸಿದವನ ಹೆಸರಿನ ನಡುವೆ ‘ಇಸ್ರೇಲ್’ ಎಂದೋ, ಹೆಂಗಸಾದರೆ ‘ಸಾರಾ’ ಎಂದೋ ಇದ್ದರೆ ಅದು ತಂದೆತಾಯಿಗಳಿಟ್ಟ ಹೆಸರೇ ಆಗಿರಬೇಕೆಂದು ತಿಳಿಯಬಾರದು. ಸರ್ಕಾರ ಒಪ್ಪಿದ ಯೆಹೂದ್ಯ ಹೆಸರಿಲ್ಲದ ಯೆಹೂದ್ಯರು ೧೯೩೯ರ ಜನವರಿ ೧ರಿಂದ ಈ ಹೆಸರನ್ನು ಸೇರಿಸಿಕೊಳ್ಳಬೇಕೆಂದು ಸರ್ಕಾರ ಕಟ್ಟಳೆ ಮಾಡಿತ್ತು. ಇನ್ನೊಂದು ಕಾಗದದ ತಲೆಯ ಮೇಲೆ ಅಚ್ಚುಮಾಡಿದ ನಿಯಮಗಳಿರಬಹುದು. ಡಾಕೌ ಬಂದೀಶಿಬಿರದ ಕಾಗದ ಅಂಥದು. ಕೈದಿಯು ತಿಂಗಳಿಗೆ ಎರಡೇ ಪತ್ರಗಳನ್ನು ಬರೆಯಬಹುದು, ಪುಟಕ್ಕೆ ಹದಿನೈದೇ ಸಾಲುಗಳಿರಬೇಕು ಎಂದು ಅದರಲ್ಲಿ ಕಾಣುವುದು. ತನ್ನನ್ನು ಸೆರೆಗೆ ಹಾಕಿದವನ ಮುಖವನ್ನೇ ಅಂಟಿಸಿ, ಕ್ಷೇಮವೆಂದು ಬರೆದ ಹದಿನೈದು ಸಾಲುಗಳನ್ನು ಆ ಕೈದಿ ಮನೆಗೆ ಕಳುಹಿಸಬೇಕಾಗಿತ್ತು.

ಹಿಟ್ಲರನ ಮುಖವೂ ಇಲ್ಲದ, ಬೆಲೆಯೂ ಇಲ್ಲದ ಒಂದು ಹಸುರು ಚೀಟಿ ಇದೆ. ಅದರಲ್ಲಿ ಶಾಂತವಾದ ಒಂದು ಪ್ರಕೃತಿದೃಶ್ಯವೂ ‘ಥೆರೇಸಿಯೆನ್‌ಸ್ಟಾಟ್’ ಎಂಬ ಊರಿನ ಹೆಸರೂ ಇವೆ. ಬೊಹೀಮಿಯದ ಆ ಕೋಟೆಯೂರಿನಲ್ಲಿ ಯೆಹೂದ್ಯರನ್ನು ಕೂಡಿಹಾಕಿದ್ದರು. ೧೯೪೩ರ ಜುಲೈಯಿಂದ ಸುತ್ತಣ ನಾಡಿನ ಬಂಧುಗಳು ಅವರಿಗೆ ಆಹಾರದ ಪೊಟ್ಟಣವನ್ನು ಕಳುಹಿಸಬೇಕಾದರೆ ಈ ಚೀಟಿ ಅದರ ಮೇಲಿರಬೇಕಾಗಿತ್ತು. ಚೀಟಿ ದೊರೆಯುತ್ತಿದ್ದದ್ದು ಒಳಗಿದ್ದವನಿಗೆ. ಅವನು ಅದನ್ನು ಹೊರಗಿನವರಿಗೆ ಕಳುಹಿಸಿದರೆ ಅವರು ಪೊಟ್ಟಣಕ್ಕೆ ಅಂಟಿಸಿ ಹಿಂದಕ್ಕೆ ಕಳುಹಿಸುವರು. ಹಸಿದವನಿಗೆ ರೊಟ್ಟಿ ಮುಟ್ಟುವ ದಾರಿಗೆ ಇದು ರಹದಾರಿ. ಅಲ್ಲಿಗೆ ಸಾಗಿಸಲ್ಪಟ್ಟ ಸುಮಾರು ೧,೪೦,೦೦೦ ಜನರಲ್ಲಿ ಸುಮಾರು ೩೩,೦೦೦ ಜನ ಅಲ್ಲಿಯೇ ಸತ್ತರು. ಸುಮಾರು ೮೮,೦೦೦ ಜನರನ್ನು ಆಶ್ವಿಟ್ಸ್ ಮೊದಲಾದ ಕೊಲೆಯ ತಾಣಗಳಿಗೆ ಅಟ್ಟಿದರು. ಈ ಚೀಟಿ ಇಂದು ಅಪೂರ್ವ, ಆದಕಾರಣವೇ ಇದರ ನಕಲುಗಳು ಬಹಳ. ಹಸಿವಿನ ರಹದಾರಿಯನ್ನೂ ನಕಲುಮಾಡಿ ಮಾರುವವರು ಲೋಕದಲ್ಲಿದ್ದಾರೆ.

ಕೊನೆಯ ಚೀಟಿಗಳು ೧೯೪೫ರ ಏಪ್ರಿಲ್ ೨೦ರ ಸುಮಾರಿಗೆ ಬರ್ಲಿನಿನಲ್ಲಿ ಹೊರಟುವು. ಪಕ್ಷದ ಎರಡು ಪಡೆಗಳ ಯೋಧರ ಮುಖಗಳು ಅವುಗಳಲ್ಲಿದ್ದುವು. ಬೆಲೆ ಮತ್ತೆ ಅದೇ ೧೨+೩೮. ರಷ್ಯದ ಫಿರಂಗಿಗಳು ನಗರದ ಬಾಗಿಲಿಗೆ ಬಂದಿದ್ದಾಗಲೂ ಮೂವತ್ತೆಂಟು ಫೆನ್ನಿಗಿನ ಕಾಣಿಕೆಯನ್ನು ಕೇಳುವುದು ನಿಲ್ಲಲಿಲ್ಲ! ಇವು ಪತ್ರಗಳ ಮೇಲೆ ನಿಜವಾಗಿ ಬಳಕೆಯಾದದ್ದು ತೀರ ಅಪರೂಪ. ಠಸ್ಸೆ ಬಿದ್ದ ಪ್ರತಿಗಳನ್ನು ಕಂಡರೆ ಸಂಶಯಪಡುವುದೇ ಮೇಲು. ಮುಂದಿನ ತಿಂಗಳು ಯುದ್ಧ ಮುಗಿಯಿತು. ಆದರೆ ಜನ ಪತ್ರ ಬರೆಯುವುದು ನಿಲ್ಲುವುದೇ? ಹೊಸ ಚೀಟಿಗಳಿರಲಿಲ್ಲ. ಸ್ಯಾಕ್ಸನಿಯ ಅಂಚೆಕಚೇರಿಗಳಲ್ಲಿ ಹಳೆಯ ಚೀಟಿಗಳನ್ನೇ ತೆಗೆದು, ಬೆಂಡಿನ ಬಿರಡೆಯಂಥ ಕೈಗೆ ಸಿಕ್ಕಿದ ಸಾಧನಕ್ಕೆ ಮಸಿ ಬಳಿದು, ಹಿಟ್ಲರನ ಮುಖದ ಮೇಲೆ ಒತ್ತಿ ಮಾರಿದರು. ನಾಲ್ಕು ವರ್ಷ ಮನೆಮನೆಯನ್ನು ಹೊಕ್ಕ ಮುಖ ಹೀಗೆ ಒಂದು ಕರಿಯ ಮಚ್ಚೆಯಾಗಿ ಕೊನೆಗಂಡಿತು.

ಇನ್ನು ನಮ್ಮ ಎರಡನೆಯ ಪ್ರಶ್ನೆಗೆ ಬರೋಣ. ಇವನ್ನು ಇಟ್ಟುಕೊಳ್ಳಬಹುದೇ? ಜರ್ಮನಿಯ ಇಂದಿನ ಕಾನೂನು ಆ ಚಿಹ್ನೆಯ ಬಹಿರಂಗ ಪ್ರದರ್ಶನವನ್ನು ನಿಷೇಧಿಸಿ, ವಿದ್ಯೆ ಸಂಶೋಧನೆ ಮೊದಲಾದುವಕ್ಕೆ ಮಾತ್ರ ಎಡೆ ಕೊಟ್ಟಿದೆ. ಈ ವಿವೇಚನೆ ನಮಗೂ ದಾರಿ ತೋರಿಸಬಹುದು. ಮುಖದ ಮೆರೆತಕ್ಕಾಗಿ ಈ ಚೀಟಿಗಳನ್ನು ಕೂಡಿಡುವವನು ಆ ಆಳ್ವಿಕೆ ಬಯಸಿದ್ದನ್ನೇ ಇಂದಿಗೂ ನಡೆಸಿಕೊಡುತ್ತಾನೆ. ಬರಿಯ ಬಣ್ಣಕ್ಕೂ ಬೆಲೆಗೂ ಕೂಡಿಡುವವನು ಕಣ್ಣಿದ್ದೂ ಓದದವನು. ಚೀಟಿ ಏನನ್ನು ಸಾರಿತು, ಏನನ್ನು ಮರೆಸಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಮೂರನ್ನೂ ಬರೆದಿಡುವವನು ಸಾಕ್ಷಿಯನ್ನು ಕಾಪಾಡುತ್ತಾನೆ.

ಆದ್ದರಿಂದ ಹವ್ಯಾಸಿಗಳಿಗೆ ನಮ್ಮ ಮಾತು ಇಷ್ಟೆ. ಬಾಲ್ಯದಲ್ಲಿ ಕಲಿತ ಮೊದಲ ಪಾಠವನ್ನು ಇಲ್ಲಿ ಮರೆಯಬೇಕು: ಈ ಕಾಲದ ಲಕೋಟೆಯನ್ನು ನೀರಿಗೆ ಹಾಕಬಾರದು. ಠಸ್ಸೆ, ವಿಳಾಸ, ಪರೀಕ್ಷಕರು ಒಡೆದು ಮತ್ತೆ ಅಂಟಿಸಿದ ಪಟ್ಟಿ, ಇವೆಲ್ಲವೂ ಚೀಟಿಗಿಂತ ಹೆಚ್ಚು ಮಾತನಾಡುವುವು. ಬಿಡಿಸಿ ತೆಗೆದರೆ ಉಳಿಯುವುದು ಕೋಟಿಯಲ್ಲೊಂದು ಕೆಂಪು ಕಾಗದ. ಬಿಡಿಸದೆ ಇಟ್ಟರೆ ಉಳಿಯುವುದು ಒಬ್ಬ ಮನುಷ್ಯನ ಹೆಸರು.