ಕೊಸರು

ದಿನಸಿ ಅಂಗಡಿಯ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಲೇಸು. ನನ್ನ ತಂದೆಯವರು ಅರಸೀಕೆರೆಯ ಪೇಟೆಯಲ್ಲಿ ಒಂದು ಅಂಗಡಿಯ ಗುಮಾಸ್ತರಾಗಿದ್ದು, ೨೮ ವರ್ಷ ತಕ್ಕಡಿ ಹಿಡಿದವರು. ಪಂಪ ರನ್ನರನ್ನು ಓದುವ ಭಾಗ್ಯ ನನಗೆ ದೊರೆತದ್ದು ಆ ತಕ್ಕಡಿಯ ಸಂಬಳದಿಂದ. ಆದಕಾರಣ, ಅಂಗಡಿಯವನ ಕೆಲಸವನ್ನು ಯಂತ್ರಗಳು ವಹಿಸಿಕೊಳ್ಳುತ್ತಿವೆ ಎಂಬ ಸುದ್ದಿಯನ್ನು ಓದಿದಾಗಲೆಲ್ಲ, ಯಾರೋ ನಮ್ಮ ಮನೆಯ ಸಮಾಚಾರವನ್ನೇ ಆಡುತ್ತಿರುವಂತೆ ನನ್ನ ಕಿವಿ ನಿಮಿರುತ್ತದೆ.

ಆ ಅಂಗಡಿಯಲ್ಲಿ ಪ್ರತಿಯೊಂದು ಪದಾರ್ಥವೂ ತಂದೆಯವರ ಕೈಯನ್ನು ಹಾದುಹೋಗಬೇಕಾಗಿತ್ತು. ಗಿರಾಕಿ ಹಲಗೆಯ ಈಚೆ. ಮೂಟೆ, ಡಬ್ಬ, ಬೆಲ್ಲದ ಅಚ್ಚುಗಳೆಲ್ಲ ಆಚೆ. ಕೇಳಿದ್ದನ್ನು ತೆಗೆದು, ತೂಗಿ, ಹಳೆಯ ಪತ್ರಿಕೆಯ ಹಾಳೆಯಲ್ಲಿ ಪೊಟ್ಟಣ ಕಟ್ಟಿ, ಮೇಲಿನಿಂದ ಇಳಿಬಿಟ್ಟ ದಾರವನ್ನು ಎರಡು ಸುತ್ತು ಸುತ್ತಿ, ಲೆಕ್ಕವನ್ನು ಬಾಯಲ್ಲೇ ಕೂಡಿಸಿ ಹೇಳುವರು. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೆಯೂ ಅವರ ಬೆರಳುಗಳಿಂದ ಒಂದು ಚಿಟಿಕೆ ಬೇಳೆ ಹೆಚ್ಚಾಗಿ ಉದುರುತ್ತಿತ್ತು. ಅದೇ ಕೊಸರು. ನಾನು ಹುಡುಗತನದ ಜಾಣತನದಿಂದ, “ದಿನಕ್ಕೆ ಇನ್ನೂರು ಗಿರಾಕಿಗಳಿಗೆ ಕೊಸರು ಕೊಟ್ಟರೆ ಎಷ್ಟು ನಷ್ಟವಾಗುತ್ತದೆ, ಅಪ್ಪ?” ಎಂದು ಕೇಳಿದ್ದೆ. “ತೂಕ ಅವರ ಹಕ್ಕು ಕಣೋ, ಕೊಸರು ನಮ್ಮ ಮರ್ಯಾದೆ” ಎಂದಿದ್ದರು.

ಈ ಹಲಗೆಯನ್ನು ಮೊದಲು ತೆಗೆದುಹಾಕಿದ್ದು ಯಂತ್ರವಲ್ಲ, ಒಂದು ಉಪಾಯ. ೧೯೧೬ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ ‘ಪಿಗ್ಲಿ ವಿಗ್ಲಿ’ ಎಂಬ ವಿಚಿತ್ರವಾದ ಹೆಸರಿನ ಅಂಗಡಿಯೊಂದನ್ನು ತೆರೆದನು. ಅಲ್ಲಿ ಗಿರಾಕಿಯೇ ಬುಟ್ಟಿಯನ್ನು ಹಿಡಿದು ಒಳಗೆ ಹೋಗಬೇಕು. ಬೆಲೆ ಬರೆದಿಟ್ಟ ಸಾಮಾನನ್ನು ತಾನೇ ಆರಿಸಿಕೊಂಡು, ಹೊರಬರುವಾಗ ಹಣ ತೆರಬೇಕು. ಮರುವರ್ಷ ಈ ಏರ್ಪಾಟಿಗೆ ಪೇಟೆಂಟ್ ಕೂಡ ದೊರೆಯಿತು. ಗುಮಾಸ್ತನು ಸಂಬಳಕ್ಕೆ ಮಾಡುತ್ತಿದ್ದ ಕೆಲಸವನ್ನು ಗಿರಾಕಿ ಸಂತೋಷದಿಂದ ಪುಕ್ಕಟೆಯಾಗಿ ಮಾಡತೊಡಗಿದನು. ಇಂದಿನ ಅಂಗಡಿಗಳಲ್ಲಿ ನಾವೇ ಸಾಮಾನನ್ನು ಯಂತ್ರಕ್ಕೆ ತೋರಿಸಿ, ನಾವೇ ಹಣ ಕಟ್ಟಿ ಬರುತ್ತೇವಲ್ಲವೆ? ಅದು ಅದೇ ಉಪಾಯದ ಮೊಮ್ಮಗು.

ಸಾಂಡರ್ಸ್ ಅಷ್ಟಕ್ಕೆ ತೃಪ್ತನಾಗಲಿಲ್ಲ. ೧೯೩೭ರಲ್ಲಿ ಅದೇ ಊರಿನಲ್ಲಿ ಆತ ‘ಕೀಡೂಜಲ್’ ಎಂಬ ಮತ್ತೊಂದು ಅಂಗಡಿಯನ್ನು ಹೂಡಿದನು. ಕೀಲಿಕೈಯೇ ಎಲ್ಲವನ್ನೂ ಮಾಡುತ್ತದೆ ಎಂಬ ಅರ್ಥದ ಇಂಗ್ಲಿಷ್ ಮಾತನ್ನು ತಿರುಚಿ ಮಾಡಿದ ಹೆಸರು ಅದು. ಸಾಮಾನುಗಳೆಲ್ಲ ಗಾಜಿನ ಹಿಂದೆ. ಬೇಕಾದುದರ ಎದುರಿಗಿರುವ ರಂಧ್ರದಲ್ಲಿ ಗಿರಾಕಿ ತನ್ನ ಕೀಲಿಕೈಯನ್ನು ತೂರಿಸಿದರೆ, ವಿದ್ಯುತ್ತಿನ ಬಲದಿಂದ ಆ ಸಾಮಾನು ಚಲಿಸುವ ಪಟ್ಟಿಯ ಮೇಲೆ ಬಂದು ಗಲ್ಲಾದ ಬಳಿ ಸೇರಬೇಕು. ಕಲ್ಪನೆ ಕಾಲಕ್ಕಿಂತ ಬಹಳ ಮುಂದಿತ್ತು. ಯಂತ್ರಗಳು ಪದೇ ಪದೇ ಕೈಕೊಟ್ಟವು. ೧೯೪೯ರಲ್ಲಿ ಆ ಪ್ರಯೋಗ ಮುಗಿಯಿತು.

ಕೀಲಿಕೈಗೆ ಆಗದ್ದನ್ನು ಗೆರೆಗಳು ಮಾಡಿದುವು. ೧೯೪೦ರ ದಶಕದ ಕೊನೆಯಲ್ಲಿ ಜೋಸೆಫ್ ವುಡ್‌ಲ್ಯಾಂಡ್ ಎಂಬ ತರುಣನು ಮಯಾಮಿಯ ಕಡಲತೀರದಲ್ಲಿ ಕುಳಿತು, ತಂತಿಯ ಸಂದೇಶದ ಚುಕ್ಕೆ-ಗೀಟುಗಳನ್ನು ನೆನೆಯುತ್ತ, ಮರಳಿನಲ್ಲಿ ಬೆರಳನ್ನು ಎಳೆದನು. ಆ ಬೆರಳಿನ ಗೆರೆಗಳೇ ನಾವಿಂದು ಪ್ರತಿ ಪೊಟ್ಟಣದ ಮೇಲೆ ಕಾಣುವ ಬಾರ್‌ಕೋಡಿನ ಮೂಲ. ೧೯೭೪ರ ಜೂನ್ ೨೬ರಂದು ಒಹಾಯೋ ಸಂಸ್ಥಾನದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಒಂದು ಚೂಯಿಂಗ್ ಗಮ್ ಪೊಟ್ಟಣದ ಗೆರೆಗಳನ್ನು ಯಂತ್ರ ಮೊದಲ ಸಲ ಓದಿ ಬೆಲೆ ಹೇಳಿತು. ಯಾವ ಸರಕಿಗೆ ಎಷ್ಟು ಬೆಲೆ, ಎಷ್ಟು ಉಳಿದಿದೆ, ಯಾವುದನ್ನು ತರಿಸಬೇಕು ಎಂದು ನನ್ನ ತಂದೆಯವರು ತಲೆಯಲ್ಲಿ ಹೊತ್ತಿದ್ದ ವಿದ್ಯೆಯೆಲ್ಲ ಅಂದಿನಿಂದ ಆ ಗೆರೆಗಳಿಗೆ ವರ್ಗವಾಗತೊಡಗಿತು.

ತಲೆಯ ವಿದ್ಯೆ ಹೀಗೆ ಸುಲಭವಾಗಿ ಹೋಯಿತು. ಕೈಯ ವಿದ್ಯೆ ಮಾತ್ರ ಅಷ್ಟು ಸುಲಭವಾಗಿ ಸೋಲಲಿಲ್ಲ. ಇಂಗ್ಲೆಂಡಿನ ಒಕಾಡೊ ಕಂಪನಿಯ ಉಗ್ರಾಣಗಳಲ್ಲಿ, ಪಗಡೆಯ ಹಾಸಿನಂತಹ ವಿಶಾಲವಾದ ಚೌಕಟ್ಟಿನ ಮೇಲೆ ನೂರಾರು ರೋಬಾಟುಗಳು ಸೆಕೆಂಡಿಗೆ ೪ ಮೀಟರ್ ವೇಗದಲ್ಲಿ ಓಡಾಡುತ್ತವೆ. ಕೆಳಗೆ ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆಗಳನ್ನು ಎತ್ತಿ ತರುತ್ತವೆ. ೫೦ ಪದಾರ್ಥಗಳ ಪಟ್ಟಿಯೊಂದು ಐದಾರು ನಿಮಿಷಗಳಲ್ಲಿ ಸಿದ್ಧವಾಗುತ್ತದೆ. ಇಂತಹ ಬುದ್ಧಿವಂತರೂ ಒಮ್ಮೊಮ್ಮೆ ಎಡವುವುದುಂಟು: ೨೦೨೧ರ ಜುಲೈನಲ್ಲಿ ಎರಿತ್ ಎಂಬಲ್ಲಿನ ಉಗ್ರಾಣದಲ್ಲಿ ಮೂರು ರೋಬಾಟುಗಳು ಪರಸ್ಪರ ಡಿಕ್ಕಿ ಹೊಡೆದು ಬೆಂಕಿ ಹತ್ತಿತು. ಆದರೆ ನನಗೆ ಸ್ವಾರಸ್ಯವಾಗಿ ಕಂಡದ್ದು ಬೇರೆ. ಪೆಟ್ಟಿಗೆಯನ್ನು ಹೊತ್ತು ತರುವುದು ಯಂತ್ರಕ್ಕೆ ಲೀಲೆ. ಪೆಟ್ಟಿಗೆಯೊಳಗಿನ ಟೊಮ್ಯಾಟೊ ಹಣ್ಣನ್ನು ನಲುಗಿಸದೆ ಎತ್ತುವುದು ಸಂಕಟ. ಡಬ್ಬವನ್ನು ಹಿಡಿದ ಬಿಗಿಯಲ್ಲಿ ಹಣ್ಣನ್ನು ಹಿಡಿಯಬಾರದು ಎಂಬುದನ್ನು ಯಾಂತ್ರಿಕ ತೋಳಿಗೆ ಕಲಿಸಲು ವರ್ಷಗಟ್ಟಲೆ ಶ್ರಮಪಡಬೇಕಾಯಿತು. ಬದನೆಕಾಯಿಯ ತೊಟ್ಟನ್ನು ಮುಟ್ಟಿ ಎಳಸೋ ಬಲಿತದ್ದೋ ಹೇಳುವ ನಮ್ಮ ತಾಯಂದಿರು ಎಂತಹ ಶಾಸ್ತ್ರವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರೆಂಬುದು ಈಗ ತಿಳಿಯುತ್ತದೆ.

ಆ ತೋಳು ಪೂರ್ತಿ ಪಳಗುವವರೆಗೆ ಮನುಷ್ಯನ ಕೈ ಬೇಕು. ಬೆಂಗಳೂರಿನಲ್ಲಿ ಈಗ ಗಿರಾಕಿ ಕಾಲಿಡದ ಅಂಗಡಿಗಳಿವೆ. ಡಾರ್ಕ್ ಸ್ಟೋರ್ ಎಂದು ಅವುಗಳ ಹೆಸರು. ಫೋನಿನಲ್ಲಿ ನಾವು ಕೇಳಿದ್ದು ಅಲ್ಲಿಂದ ಹೊರಡುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಸಂಜೆಯ ಹೊತ್ತು ಅಂತಹ ಕಡೆ ದುಡಿಯುತ್ತಾನೆ. ಯಾವ ಅರೆಗೆ ಹೋಗಬೇಕೆಂದು ಕೈಯಲ್ಲಿರುವ ಫೋನು ಹೇಳುತ್ತದೆ; ಆತ ಓಡುತ್ತಾನೆ; ಕಾಲ ಎಣಿಕೆಯಾಗುತ್ತಿರುತ್ತದೆ. “ಸಾರ್, ಈ ರಾಗಿಹಿಟ್ಟು ಯಾರ ಮನೆಗೆ ಹೋಗುತ್ತೋ ನನಗೆ ಗೊತ್ತಿಲ್ಲ. ಯಾವ ಅರೆಯಲ್ಲಿದೆ ಅನ್ನೋದು ಮಾತ್ರ ಗೊತ್ತು” ಎಂದನು. ಯಂತ್ರವು ಮನುಷ್ಯನಂತೆ ಆಗುವುದಕ್ಕೆ ಮುಂಚೆ ಮನುಷ್ಯನು ಯಂತ್ರದಂತೆ ಆಗಬೇಕಾಗಿ ಬಂದಿದೆ. ತೋಳು ಪಳಗಿದ ದಿನ ಈ ಹುಡುಗ ಎಲ್ಲಿಗೆ ಹೋಗಬೇಕು? ಸಾಹಿತ್ಯದ ಪಾಠ ಹೇಳುವ ನಾನು ಅವನ ಪ್ರಶ್ನೆಗೆ ಉತ್ತರವಿಲ್ಲದೆ ನಿಂತೆ.

ಹೀಗೆಂದ ಮಾತ್ರಕ್ಕೆ ಹಳೆಯ ಅಂಗಡಿ ಸ್ವರ್ಗವಾಗಿತ್ತೆಂದು ಓದುಗರು ಭಾವಿಸಬಾರದು. ಒಂದು ಸಂಜೆಯ ನೆನಪು ನನ್ನಲ್ಲಿ ಮುಳ್ಳಿನಂತೆ ಉಳಿದಿದೆ. ಕೂಲಿಯ ಹೆಂಗಸೊಬ್ಬಳು ಕಡವಾಗಿ ಅಕ್ಕಿ ಕೇಳಿದಳು. ಗಲ್ಲಾದ ಮೇಲಿದ್ದ ಯಜಮಾನರು, ಅವಳ ಹಳೆಯ ಬಾಕಿಯನ್ನು ಎಲ್ಲರಿಗೂ ಕೇಳುವಂತೆ ಓದಿ ಹೇಳಲು ತಂದೆಯವರಿಗೆ ಆಜ್ಞಾಪಿಸಿದರು. ತಂದೆಯವರು ಓದಿದರು. ಅವಳು ಬರಿಯ ಚೀಲವನ್ನು ಮಡಿಸಿಕೊಂಡು ಹೊರಟುಹೋದಳು. ಆ ರಾತ್ರಿ ತಂದೆಯವರು ಊಟ ಮಾಡಲಿಲ್ಲ. ಮರುದಿನ ಬೆಳಗ್ಗೆ ಅವಳ ಮನೆಗೆ ಎರಡು ಕಿಲೋ ಅಕ್ಕಿ ಹೋಯಿತು. ಅದು ಯಾರ ಲೆಕ್ಕದಲ್ಲಿ ಹೋಯಿತೆಂಬುದು ನನ್ನ ತಾಯಿಗೆ ಗೊತ್ತು. ಯಂತ್ರ ಯಾರ ಮುಖವನ್ನೂ ನೋಡುವುದಿಲ್ಲ. ನಾಲ್ವರ ಎದುರಿಗೆ ಬಡವನ ಮಾನವನ್ನು ಅದು ಕಳೆಯಲಾರದು. ತೂಕದಲ್ಲಿ ಮೋಸಮಾಡುವ ಆಸೆಯೂ ಅದಕ್ಕಿಲ್ಲ. ಇದು ಸಣ್ಣ ಗುಣವಲ್ಲ. ಆದರೆ ಮುಖ ನೋಡದ ಆ ಯಂತ್ರಕ್ಕೆ ಮರುದಿನದ ಅಕ್ಕಿಯೂ ತೋಚದು.

ಕಳೆದ ಬೇಸಗೆಯಲ್ಲಿ ನೆದರ್‌ಲ್ಯಾಂಡ್ಸ್ ದೇಶದ ಐಂಡ್‌ಹೋವನ್ ನಗರದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅಲ್ಲಿ ಗಿರಾಕಿಗಳು ಗೆರೆ ಓದುವ ಯಂತ್ರವನ್ನು ಕೈಯಲ್ಲಿ ಹಿಡಿದು, ಯಾರೊಡನೆಯೂ ಒಂದು ಮಾತಾಡದೆ, ವಾರದ ಸಂತೆಯನ್ನು ಮುಗಿಸುವರು. ತಂಗಿ ನನ್ನನ್ನು ಒಂದು ಅಂಗಡಿಯ ಮೂಲೆಗೆ ಕರೆದೊಯ್ದು, “ಅಣ್ಣ, ಇದು ಹರಟೆಯ ಗಲ್ಲಾ” ಎಂದಳು. ಯುಂಬೊ ಎಂಬ ಅಂಗಡಿ ಸಂಸ್ಥೆ ೨೦೧೯ರಲ್ಲಿ ಫ್ಲೈಮೆನ್ ಎಂಬ ಸಣ್ಣ ಊರಿನಲ್ಲಿ ಇದನ್ನು ಆರಂಭಿಸಿತು. ೨೦೨೧ರಲ್ಲಿ ೨೦೦ ಅಂಗಡಿಗಳಿಗೆ ವಿಸ್ತರಿಸುವುದಾಗಿ ಸಾರಿತು. ಒಂಟಿತನದಿಂದ ಬಳಲುವ ವೃದ್ಧರಿಗಾಗಿ, ಆತುರವಿಲ್ಲದವರ ಸಾಲು ಅದು. ಮುದುಕರೊಬ್ಬರು ಒಂದೇ ಒಂದು ರೊಟ್ಟಿಯನ್ನು ಮುಂದಿಟ್ಟುಕೊಂಡು ಗಲ್ಲಾದ ಹುಡುಗಿಯೊಡನೆ ಮಾತನಾಡುತ್ತಿದ್ದರು. ಭಾಷೆ ನನಗೆ ತಿಳಿಯಲಿಲ್ಲ. ಹಿಂದೆ ನಿಂತವರು ಯಾರೂ ಗಡಿಯಾರ ನೋಡಲಿಲ್ಲವೆಂಬುದು ಮಾತ್ರ ತಿಳಿಯಿತು. ಇಂಗ್ಲೆಂಡಿನಲ್ಲಿಯೂ ಬೂತ್ಸ್ ಎಂಬ ಹಳೆಯ ಸಂಸ್ಥೆ ೨೦೨೩ರಲ್ಲಿ ತನ್ನ ಬಹುತೇಕ ಅಂಗಡಿಗಳಿಂದ ಗಿರಾಕಿಯೇ ಲೆಕ್ಕ ಮಾಡುವ ಯಂತ್ರಗಳನ್ನು ತೆಗೆದು, ಮನುಷ್ಯರನ್ನು ಕೂಡಿಸಲು ನಿಶ್ಚಯಿಸಿತು. ತಕ್ಕಡಿಯ ಜೊತೆಗೆ ಹೊರಹೋದ ಕೊಸರನ್ನು ಆ ದೇಶಗಳು ಬೇರೆ ಸಾಲಿನಲ್ಲಿ, ಬೇರೆ ಹೆಸರಿನಲ್ಲಿ ಮರಳಿ ಕರೆಯುತ್ತಿವೆ.

ತಂದೆಯವರು ಈಗ ಬೆಂಗಳೂರಿನಲ್ಲಿ ನಮ್ಮೊಡನೆ ಇದ್ದಾರೆ. ಮೊನ್ನೆ ಫೋನಿನಲ್ಲಿ ತರಿಸಿದ ತೊಗರಿಬೇಳೆಯ ಪೊಟ್ಟಣವನ್ನು ಬಾಗಿಲಲ್ಲಿ ತೆಗೆದುಕೊಂಡು, ಅಭ್ಯಾಸಬಲದಿಂದ ಅಂಗೈಯಲ್ಲಿ ತೂಗಿ, “ತೂಕ ಸರಿಯಾಗಿದೆ” ಎಂದರು. ಅನಂತರ, ಮೆಟ್ಟಲಿಳಿಯುತ್ತಿದ್ದ ಹುಡುಗನನ್ನು ಕೂಗಿ, “ಯಾವೂರಪ್ಪ ನಿಂದು? ನೀರು ಕುಡೀತೀಯಾ?” ಎಂದು ಕೇಳಿದರು. ಅವನಿಗೆ ಸಮಯವಿರಲಿಲ್ಲ. ಆದರೂ ಒಂದು ಕ್ಷಣ ನಿಂತು, “ಹೊಳೆನರಸೀಪುರದ ಹತ್ರ, ತಾತ” ಎಂದು ನಕ್ಕು, ಹೊರಟುಹೋದನು.