ಪೌಂಡಿಗೆ ಪೆಟ್ಟು ಕೊಟ್ಟ ಪೋರ್ಟರ್!

ಒಂದೇ ವ್ಯವಹಾರದಲ್ಲಿ ಸುಮಾರು ನೂರು ಕೋಟಿ ಡಾಲರ್ ಲಾಭ! ಕಾರ್ಖಾನೆ ಇಲ್ಲ, ಅಂಗಡಿ ಇಲ್ಲ, ಮಾರಿದ ಸರಕು ಸ್ವಂತದ್ದೂ ಅಲ್ಲ. 1992ರ ಸೆಪ್ಟೆಂಬರ್ 16ರಂದು ಬ್ಯಾಂಕ್ ಆಫ್ ಇಂಗ್ಲೆಂಡಿಗೇ ಬೆವರಿಳಿಸಿದ ಈ ಆಸಾಮಿ ಅಮೆರಿಕದ ಜಾರ್ಜ್ ಸೊರೋಸ್.

ಹುಟ್ಟಿದ್ದು ಅಮೆರಿಕದಲ್ಲಲ್ಲ, ಹಂಗೆರಿಯ ಬುಡಾಪೆಸ್ಟಿನಲ್ಲಿ, 1930ರಲ್ಲಿ, ಯೆಹೂದಿ ಮನೆಯಲ್ಲಿ. 1944ರಲ್ಲಿ ನಾಜಿಗಳು ಊರಿಗೆ ನುಗ್ಗಿದಾಗ ವಕೀಲ ತಂದೆ ತಿವದಾರ್ ಮನೆಯವರಿಗೂ ಬೇರೆ ಹಲವರಿಗೂ ಖೋಟಾ ಗುರುತುಪತ್ರ ಮಾಡಿಸಿ ಜೀವ ಉಳಿಸಿದ. ಹುಡುಗ 1947ರಲ್ಲಿ ಲಂಡನ್ನಿಗೆ ಬಂದ. ರೈಲ್ವೆ ಪೋರ್ಟರ್ ಆದ, ಹೋಟೆಲಿನಲ್ಲಿ ಮಾಣಿಯಾದ, ಜೊತೆಗೆ ಓದಿದ. 1956ರಲ್ಲಿ ನ್ಯೂಯಾರ್ಕಿಗೆ ಹಾರಿದ. ಷೇರುಪೇಟೆ ಕೈಹಿಡಿಯಿತು.

ಪೌಂಡಿನ ಆಟ ಏನು? ಅಂಗಡಿಯವರಿಗೆ ಬೇಗ ತಿಳಿಯುತ್ತೆ. ಅಕ್ಕಿ ಬೆಲೆ ಬೀಳೋದು ಖಾತ್ರಿ ಅಂತಿಟ್ಟುಕೊಳ್ಳಿ. ಪಕ್ಕದವರಿಂದ ಹತ್ತು ಮೂಟೆ ಸಾಲ ತಂದು ಇವತ್ತೇ ಮಾರೋದು. ಬೆಲೆ ಇಳಿದ ಮೇಲೆ ಹತ್ತು ಮೂಟೆ ಅಗ್ಗಕ್ಕೆ ಕೊಂಡು ವಾಪಸ್ ಕೊಡೋದು. ಮಿಕ್ಕದ್ದು ಜೇಬಿಗೆ. ಬೆಲೆ ಏರಿತೋ, ಮನೆಮಠ ಹರಾಜು!

ಸೊರೋಸ್ ಅಕ್ಕಿಯ ಬದಲು ಪೌಂಡು ತಂದ. ಯೂರೋಪಿನ ಒಪ್ಪಂದದಂತೆ ಪೌಂಡನ್ನು ಜರ್ಮನಿಯ ಮಾರ್ಕಿನೆದುರು ಇಂತಿಷ್ಟಕ್ಕಿಂತ ಇಳಿಯಗೊಡೆವು ಅಂತ ಬ್ರಿಟನ್ ಮಾತು ಕೊಟ್ಟಿತ್ತು. ಆ ಬೆಲೆ ನಿಲ್ಲೋದಿಲ್ಲ ಎಂದು ಸೊರೋಸ್ ಮತ್ತು ಜೊತೆಗಾರ ಡ್ರಕನ್‌ಮಿಲ್ಲರ್ ಲೆಕ್ಕ ಹಾಕಿ, ಸುಮಾರು ಸಾವಿರ ಕೋಟಿ ಡಾಲರ್ ಮೌಲ್ಯದ ಪೌಂಡು ಮಾರಿದರು. ಬೇರೆಯವರೂ ಮಾರತೊಡಗಿದರು. ಬ್ಯಾಂಕು ಕೊಂಡೇ ಕೊಂಡಿತು. ಬಡ್ಡಿ ನೂರಕ್ಕೆ 10ರಿಂದ 12ಕ್ಕೇರಿತು, 15 ಮಾಡ್ತೀವಿ ಅಂತಲೂ ಸಾರಿದ್ದಾಯಿತು. ಜಗ್ಗಲಿಲ್ಲ. ಸಂಜೆ ಹಣಕಾಸು ಮಂತ್ರಿ ನಾರ್ಮನ್ ಲಾಮಂಟ್ ಕೈಚೆಲ್ಲಿದರು. ಬ್ರಿಟನ್ ಒಪ್ಪಂದದಿಂದ ಹೊರಬಿತ್ತು. ಅಲ್ಲಿನ ಖಜಾನೆಯ ಅಂದಾಜಿನಂತೆ ನಷ್ಟ 330 ಕೋಟಿ ಪೌಂಡ್. ಯಾರ ದುಡ್ಡು? ತೆರಿಗೆ ಕಟ್ಟಿದ ಬಡಪಾಯಿಗಳದ್ದು. ಕಾನೂನು ಮೀರಿಲ್ಲ, ನಿಜ. ಆದರೆ ಫ್ರಾನ್ಸಿನಲ್ಲಿ ಒಳಗಿನ ಸುದ್ದಿ ತಿಳಿದು ಬ್ಯಾಂಕೊಂದರ ಷೇರು ಕೊಂಡಿದ್ದಕ್ಕೆ 2002ರಲ್ಲಿ ಕೋರ್ಟು 22 ಲಕ್ಷ ಯೂರೋ ದಂಡ ಹಾಕಿದ್ದೂ ಉಂಟು.

ಇದೇ ಕೈ ದಾನಕ್ಕೂ ಹಿಂದೆ ಬೀಳಲಿಲ್ಲ. ಕೊಟ್ಟದ್ದು 3,200 ಕೋಟಿ ಡಾಲರಿಗೂ ಮೇಲೆ. 1979ರಲ್ಲಿ ದಕ್ಷಿಣ ಆಫ್ರಿಕದ ಕರಿಯ ವಿದ್ಯಾರ್ಥಿಗಳ ಓದಿಗೆ ನೆರವು. 1984ರಿಂದ ಕಮ್ಯುನಿಸ್ಟ್ ಹಂಗೆರಿಯಲ್ಲಿ ಕೆಲಸ. ಅಚ್ಚಾಗುವ ಪ್ರತಿ ಅಕ್ಷರದ ಮೇಲೂ ಸರ್ಕಾರದ ಕಣ್ಣಿದ್ದಾಗ ಲೈಬ್ರರಿ, ಕಾಲೇಜುಗಳಿಗೆ ಝೆರಾಕ್ಸ್ ಯಂತ್ರ ಕೊಡಿಸಿದ. ಯಾರೋ ಬರೆದದ್ದು ರಾತ್ರೋರಾತ್ರಿ ನೂರು ಕೈ ಸೇರುವಂತಾಯಿತು!

1991ರಲ್ಲಿ ಹುಟ್ಟೂರಿಗೊಂದು ವಿಶ್ವವಿದ್ಯಾಲಯವೂ ಬಂತು. ಆದರೆ 2017ರಲ್ಲಿ ಅಲ್ಲಿನ ಸರ್ಕಾರ ಕಾನೂನು ಬದಲಿಸಿತು. 2019ರಲ್ಲಿ ವಿಶ್ವವಿದ್ಯಾಲಯ ಗಂಟುಮೂಟೆ ಕಟ್ಟಿ ವಿಯೆನ್ನಾಕ್ಕೆ ಹೋಯಿತು. ಆಗ ಪ್ರಧಾನಿ ವಿಕ್ಟರ್ ಓರ್ಬಾನ್. 1989ರಲ್ಲಿ ಅವರು ಆಕ್ಸ್‌ಫರ್ಡಿಗೆ ಓದಲು ಹೋದದ್ದು ಸೊರೋಸ್ ದುಡ್ಡಿನ ಸ್ಕಾಲರ್‌ಶಿಪ್ಪಿನಲ್ಲೇ!