ಗಾಡಿಗೆ ಹಲ್ಲಿಲ್ಲ

ದನದ ಸಂತೆಯಲ್ಲಿ ಕೊಳ್ಳುವವನು ಮೊದಲು ಎತ್ತಿನ ಬಾಯಿ ತೆರೆಸುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ನೋಡಿದರೆ ವಯಸ್ಸು ಗೊತ್ತಾಯಿತು. ಆಮೇಲೆ ಗೊರಸು, ಹೆಗಲು, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಕೊನೆಗೆ ಟವೆಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ಬೆಲೆ ಕಟ್ಟುತ್ತಾನೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಮಂದಿಗೆ ಇನ್ನೊಬ್ಬರು ದುಡಿಸಿದ್ದನ್ನು ಕೊಳ್ಳುವ ವಿದ್ಯೆ ಇಂದು ನಿನ್ನೆಯದಲ್ಲ. ಈ ಸೀಮೆಯ ಓಟದ ಗಾಡಿ ಎಂದರೆ ಖಿಲಾರಿ ಹೋರಿ. ಸೊಲ್ಲಾಪುರ, ವಿಜಯಪುರದ ಬಯಲಲ್ಲಿ ಬೆಳೆದ ತಳಿ ಅದು. ತೆಳ್ಳಗಿನ ಮೈ, ಹಿಂದಕ್ಕೆ ಬಾಗಿ ಮೇಲೇಳುವ ಕೊಂಬು, ಕೆಣಕಿದರೆ ನಿಲ್ಲದ ಓಟ. ಒಳ್ಳೆಯ ಖಿಲಾರಿಗೆ ಕೊಡುವ ದುಡ್ಡನ್ನು ಯಾರೂ ಉಳುಮೆಯ ಲೆಕ್ಕದಲ್ಲಿ ಕೊಡುವುದಿಲ್ಲ, ಅದು ಹುಚ್ಚಿನ ಬೆಲೆ.

ಸ್ಪೋರ್ಟ್ಸ್ ಕಾರಿನದೂ ಹುಚ್ಚಿನ ಬೆಲೆಯೇ. ಆದರೆ ಹೋರಿಯ ಹುಚ್ಚಿನವರು ಇಲ್ಲಿ ಹತ್ತು ಹಳ್ಳಿಗೆ ಹತ್ತು ಮಂದಿ ಸಿಗುತ್ತಾರೆ, ಎರಡು ಬಾಗಿಲಿನ ಕಾರಿನ ಹುಚ್ಚಿನವರನ್ನು ಜಿಲ್ಲೆಯೆಲ್ಲ ಅಲೆದು ಹುಡುಕಬೇಕು. ಹಳೆ ಗಾಡಿಯ ಬೆಲೆಯ ಗುಟ್ಟು ಅರ್ಧ ಇದರಲ್ಲೇ ಇದೆ. ನಾವು ಬಾನೆಟ್ ಎತ್ತಿ ಬೆಲೆಯನ್ನು ಎಂಜಿನ್ನಿನಲ್ಲಿ ಹುಡುಕುತ್ತೇವೆ. ಅದು ಕೂತಿರುವುದು ಮುಂದೆ ಕೊಳ್ಳಬೇಕಾದವನ ತಲೆಯಲ್ಲಿ. ಅವನು ಇದನ್ನು ಎಲ್ಲಿ ಓಡಿಸುತ್ತಾನೆ, ಯಾರ ಕೈಲಿ ರಿಪೇರಿ ಮಾಡಿಸುತ್ತಾನೆ, ತನ್ನ ಹೆಸರಿಗೆ ಹೇಗೆ ಮಾಡಿಸಿಕೊಳ್ಳುತ್ತಾನೆ, ನಾಳೆ ತಾನು ಮಾರುವಾಗ ಯಾರು ಕೊಳ್ಳುತ್ತಾರೆ ಎಂಬ ನಾಲ್ಕು ಯೋಚನೆಗಳೇ ಅವನ ತಕ್ಕಡಿ.

ಬೆಂಗಳೂರಿನಲ್ಲಿ ಕೆಲಸ ಮಾಡುವ ಅಫಜಲಪುರದ ಹುಡುಗನೊಬ್ಬ ಮೂವತ್ತು ಲಕ್ಷದ ಓಟದ ಕಾರು ಕೊಂಡ ಅನ್ನಿ. ಕರ್ನಾಟಕದಲ್ಲಿ 20 ಲಕ್ಷಕ್ಕೆ ಮೇಲ್ಪಟ್ಟ ಕಾರಿಗೆ ಜೀವಿತಾವಧಿ ತೆರಿಗೆ ಶೇ. 18. ಅಲ್ಲಿಗೆ 5.4 ಲಕ್ಷ ಹೋಯಿತು, ಸೆಸ್ಸು ಬೇರೆ. ವಿಮೆಯವರು ಕಾರಿನ ಮೌಲ್ಯ ಕಟ್ಟುವಾಗ ಈ ತೆರಿಗೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವರ ಸವಕಳಿ ಪಟ್ಟಿ ಹೀಗಿದೆ: ಆರು ತಿಂಗಳೊಳಗೆ ಶೇ. 5, ವರ್ಷದೊಳಗೆ 15, ಎರಡನೆಯ ವರ್ಷ 20, ಮೂರನೆಯದು 30, ನಾಲ್ಕನೆಯದು 40, ಐದನೆಯದು 50. ಐಡಿವಿ ಎಂದು ಪಾಲಿಸಿಯ ಮೇಲೆ ಅಚ್ಚಾಗಿರುವ ಅಂಕಿ ಬರುವುದು ಇಲ್ಲಿಂದ. ಮಾರುವವರು ಅದನ್ನು ಬೆರಳಿಟ್ಟು ತೋರಿಸಿ, ‘ನೋಡ್ರಿ, ಕಂಪನಿನೇ ಇಷ್ಟು ಬರ್ದದ’ ಎನ್ನುತ್ತಾರೆ. ಅದು ಗಾಡಿ ಕಳುವಾದರೆ ಸಿಗುವ ಪರಿಹಾರದ ಮಿತಿ, ಸಂತೆಯ ಬೆಲೆಯೇ ಬೇರೆ. ಎಲ್ಲರೂ ಕೇಳುವ ಬೊಲೆರೊ ಆ ಅಂಕಿಗಿಂತ ಮೇಲೆ ಹೋದೀತು, ಯಾರೂ ಕೇಳದ ಕಾರು ಅದರ ಅರ್ಧಕ್ಕೆ ಇಳಿದೀತು.

ಆ ಹುಡುಗ ಕಾರನ್ನು ಊರಿಗೆ ತಂದ ದಿನವೇ ಅದರ ಮೊದಲ ಪರೀಕ್ಷೆ. ಓಟದ ಕಾರು ನೆಲಕ್ಕೆ ಅಂಟಿಕೊಂಡು ಓಡುವಂತೆ ಮಾಡಿದ್ದು. ಹೊಟ್ಟೆಗೂ ರಸ್ತೆಗೂ ನಡುವೆ ಹನ್ನೆರಡು ಹದಿಮೂರು ಸೆಂಟಿಮೀಟರ್ ಇದ್ದರೆ ಹೆಚ್ಚು. ಮಹೀಂದ್ರ ಥಾರ್‌ಗೆ ಆ ಅಂತರ 226 ಮಿಲಿಮೀಟರ್. ಇನ್ನು ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲೆ ಹಾಸಿದ ಡಾಂಬರು ಅಲೆಅಲೆಯಾಗುತ್ತದೆ. ಪ್ರತಿ ಹಳ್ಳಿಯ ಬಾಯಲ್ಲಿ ಊರವರೇ ಎತ್ತಿ ಹಾಕಿದ ಉಬ್ಬು. ಮುಂದಿನ ಬಂಪರ್ ತಳ ಸವೆದು, ಸೈಲೆನ್ಸರ್ ಗೀರಿಕೊಂಡ ಕಾರನ್ನು ನೋಡಿದ ಕೂಡಲೇ ದಲ್ಲಾಳಿ ಅರ್ಥ ಮಾಡಿಕೊಳ್ಳುತ್ತಾನೆ. ಮೊಣಕಾಲೂರಿ ಒಮ್ಮೆ ತಳಕ್ಕೆ ಬಗ್ಗಿದನೆಂದರೆ ಮುಗಿಯಿತು, ಮೇಲೆದ್ದಾಗ ಅವನ ಬೆಲೆ ಇಳಿದಿರುತ್ತದೆ.

ಎರಡನೆಯದು ಮಿಸ್ತ್ರಿ. ಇದೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಜೇವರ್ಗಿಯ ಬಸ್ ನಿಲ್ದಾಣದ ಸುತ್ತಲಿನ ಗ್ಯಾರೇಜುಗಳಲ್ಲಿ ಬಿಚ್ಚಿ ಜೋಡಿಸಬಲ್ಲ ಗಾಡಿಗೆ ಒಂದು ಬೆಲೆ, ಸಣ್ಣ ಸೆನ್ಸರ್ ಕೆಟ್ಟರೂ ಇನ್ನೂರು ಕಿಲೋಮೀಟರ್ ದಾಟಿ ಹೈದರಾಬಾದಿಗೆ ಎಳೆದೊಯ್ಯಬೇಕಾದ ಗಾಡಿಗೆ ಇನ್ನೊಂದು. ಕಂಪನಿ ದೇಶ ಬಿಟ್ಟು ಹೋದರಂತೂ ಹೇಳುವುದೇ ಬೇಡ. ಷೆವರ್ಲೆ ಕಾರುಗಳ ಮಾರಾಟ 2017ರ ಕೊನೆಗೆ ಭಾರತದಲ್ಲಿ ನಿಂತಿತು. ಫೋರ್ಡ್ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಹೇಳಿತು. ಗಾಡಿಗಳು ಮರುದಿನವೂ ಹಿಂದಿನ ದಿನದ ಹಾಗೆಯೇ ಓಡುತ್ತಿದ್ದವು, ಬೆಲೆ ಮಾತ್ರ ಬಿದ್ದಿತ್ತು. ‘ಸಾಮಾನು ಎಲ್ಲಿ ಸಿಗತಾವ್ರಿ?’ ಎಂಬ ಒಂದು ಪ್ರಶ್ನೆ ಸಾಕಾಯಿತು.

ಇದಕ್ಕೆ ತದ್ವಿರುದ್ಧದ ಕಥೆಯೂ ಕರ್ನಾಟಕದ್ದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅದರ ಯೆಜ್ಡಿ ಬೈಕುಗಳಿಗೆ ಇಂದು ಒಳ್ಳೆಯ ಬೆಲೆ. ಯಮಹಾ ಆರ್‌ಎಕ್ಸ್ 100 ಇನ್ನೂ ಸೋಜಿಗ. 1985ರಿಂದ 1996ರವರೆಗೆ ತಯಾರಾದ, ಬರೀ 98 ಸಿಸಿ ಎಂಜಿನ್ನಿನ ಈ ಬೈಕನ್ನು ಅಂದು ಕೊಟ್ಟ ದುಡ್ಡಿಗಿಂತ ಎಷ್ಟೋ ಪಟ್ಟು ಹೆಚ್ಚಿಗೆ ಕೊಂಡು ಮೀಸೆ ತಿರುವುವ ಹುಡುಗರಿದ್ದಾರೆ. ಹಾಗೆ ನೋಡಿದರೆ ಇವೂ ಕಂಪನಿ ಕೈಬಿಟ್ಟ ಗಾಡಿಗಳೇ. ಷೆವರ್ಲೆ ಬಿತ್ತು, ಇವು ಎದ್ದವು. ಟೂ ಸ್ಟ್ರೋಕ್ ಎಂಜಿನ್ ಅಷ್ಟು ಸರಳ, ಯಾವ ಹಳ್ಳಿಯ ಮಿಸ್ತ್ರಿಯಾದರೂ ಮರದ ನೆರಳಲ್ಲಿ ಕೂತು ಬಿಚ್ಚಬಲ್ಲ. ಬಿಡಿಭಾಗ ಇಂದಿಗೂ ಸಿಗುತ್ತವೆ. ಅಪ್ಪನ ಕಾಲದ ಆ ಸದ್ದಿನ ಮೇಲಿನ ಮೋಹ ಬೇರೆ. ಅಪರೂಪದ್ದು ಎಂಬುದೊಂದೇ ಬೆಲೆ ಏರಿಸುವುದಿಲ್ಲ, ಅಪರೂಪದ್ದನ್ನು ಬದುಕಿಸಿಕೊಳ್ಳಲು ಆಗಬೇಕು. 2022ರಲ್ಲಿ ತಯಾರಿ ನಿಂತ ಫೋಕ್ಸ್‌ವ್ಯಾಗನ್ ಪೋಲೋ ಜಿಟಿಗೆ ಬೆಂಗಳೂರಿನ ಓಟದ ಹುಚ್ಚಿನವರು ಬೆಲೆ ಉಳಿಸಿದ್ದಾರೆ. ಅದೇ ಕಾರನ್ನು ಆಳಂದದ ಜಾತ್ರೆಯಲ್ಲಿ ನಿಲ್ಲಿಸಿದರೆ ‘ಮೈಲೇಜ್ ಎಷ್ಟು ಕೊಡ್ತದ?’ ಎಂದು ಕೇಳಿ ಮುಂದೆ ಹೋಗುತ್ತಾರೆ. ಓಟದ ಗಾಡಿಯನ್ನು ಓಟದ ಹುಚ್ಚಿನವರು ಇರುವ ಊರಿಗೆ ಒಯ್ದು ಮಾರಬೇಕು, ಬೆಂಗಳೂರು, ಹೈದರಾಬಾದ್, ಪುಣೆ. ಊರಲ್ಲೇ ಮಾರುತ್ತೇನೆಂದು ಹಟ ಹಿಡಿದರೆ ಕಾರು ಅಂಗಳದಲ್ಲಿ ಕೋಳಿ ಗೂಡಾಗುತ್ತದೆ.

ಇನ್ನು ಹಲ್ಲಿನ ಮಾತು. ಗಾಡಿಗೆ ಹಲ್ಲಿಲ್ಲ, ಮೀಟರ್ ಇದೆ. ಎತ್ತಿನ ಹಲ್ಲು ಹಿಂದಕ್ಕೆ ಹೋಗದು, ಮೀಟರ್ ಹೋಗುತ್ತದೆ. ಡಿಜಿಟಲ್ ಮೀಟರನ್ನು ಲ್ಯಾಪ್‌ಟಾಪ್ ಹಚ್ಚಿ ತಿರುಗಿಸುವ ಕೈಗಳು ಎಲ್ಲ ಪಟ್ಟಣದಲ್ಲೂ ಇವೆ. ಹಾಗಾಗಿ ಅನುಭವಿಗಳು ಬೇರೆ ಹಲ್ಲುಗಳನ್ನು ಎಣಿಸುತ್ತಾರೆ. ಬ್ರೇಕ್ ಪೆಡಲಿನ ರಬ್ಬರು ನುಣುಪಾಗಿದೆಯೇ, ಸ್ಟೀರಿಂಗ್ ಹೊಳೆಯುತ್ತಿದೆಯೇ, ಚಾಲಕನ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆಯೇ? ಮೂವತ್ತು ಸಾವಿರ ಕಿಲೋಮೀಟರ್ ಓಡಿದ ಗಾಡಿಗೆ ಲಕ್ಷ ಓಡಿದ ಪೆಡಲ್ ಇರುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಗಾಡಿಯ ಇಸವಿಗೂ ಟೈರಿನ ಇಸವಿಗೂ ಮೀಟರಿಗೂ ತಾಳೆ ಬೀಳಬೇಕು. ಒಂದೇ ಒಂದು ಗಾಜಿನ ಮೇಲೆ ಬೇರೆ ಇಸವಿಯ ಗುರುತು ಇದ್ದರೆ ಆ ಮಗ್ಗುಲಿಗೆ ಪೆಟ್ಟು ಬಿದ್ದಿರಬಹುದು ಎಂದು ಶಂಕಿಸಬೇಕು. ಟ್ರ್ಯಾಕ್ಟರಿಗೆ ಕಿಲೋಮೀಟರಿನ ಬದಲು ತಾಸಿನ ಮೀಟರ್. ಆದರೆ ಎಷ್ಟು ತಾಸು ಎನ್ನುವುದಕ್ಕಿಂತ ಎಂಥ ತಾಸು ಎಂದು ಕೇಳಬೇಕು. ಅಫಜಲಪುರದ ಹವಳಗಾ, ಆಳಂದದ ಭೂಸನೂರು ಸಕ್ಕರೆ ಕಾರ್ಖಾನೆಗಳಿಗೆ ಹಂಗಾಮಿನುದ್ದಕ್ಕೂ ಎರಡೆರಡು ಟ್ರೇಲರ್ ಕಬ್ಬು ಎಳೆದ ಟ್ರ್ಯಾಕ್ಟರಿನ ಕ್ಲಚ್ಚು, ಗೇರು, ಹಿಂದಿನ ಹಬ್ಬು ತೊಗರಿ ಹೊಲದಲ್ಲಿ ಕುಂಟೆ ಎಳೆದದ್ದರ ಹಾಗೆ ಇರುವುದಿಲ್ಲ.

ಓಟದ ಕಾರು ಮಾರುವ ಹುಡುಗರು ಇನ್ನೊಂದು ಕಡೆ ಎಡವುತ್ತಾರೆ. ಗುಡುಗುವ ಸೈಲೆನ್ಸರ್, ದೊಡ್ಡ ಚಕ್ರ, ಹಚ್ಚಿದ ಹೊಸ ಬಣ್ಣಕ್ಕೆಲ್ಲ ಸುರಿದ ದುಡ್ಡನ್ನು ಬೆಲೆಗೆ ಕೂಡಿಸಿ ಕೇಳುತ್ತಾರೆ. ಕೊಳ್ಳುವವನು ಅದನ್ನು ಕಳೆದು ಹೇಳುತ್ತಾನೆ. ಕಂಪನಿ ಕೊಟ್ಟ ರಚನೆಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಬಣ್ಣ ಬದಲಾದರೂ ಆರ್‌ಸಿಯಲ್ಲಿ ಬರೆಸಬೇಕು. ಬಿಚ್ಚಿಟ್ಟ ಅಸಲಿ ಸಾಮಾನು ಮನೆಯ ಅಟ್ಟದಲ್ಲಿದ್ದರೆ ಮಾರುವ ಮೊದಲು ಮತ್ತೆ ಜೋಡಿಸುವುದು ಲಾಭ.

ಈ ಮೂರೂ ತಾಲ್ಲೂಕಿನಲ್ಲಿ ಗಾಡಿಯ ಮೈಗಿಂತ ಕಾಗದದ ತಕರಾರೇ ಹೆಚ್ಚು, ಅದರಲ್ಲೂ ಗಡಿಯ ಆಳಂದ, ಅಫಜಲಪುರದಲ್ಲಿ. ಗಾಣಗಾಪುರದ ದತ್ತನ ಗುಡಿಗೆ ಬರುವ ಎಂಎಚ್ ಗಾಡಿಗಳ ಸಾಲು ನೋಡಿದವರಿಗೆ ಮಹಾರಾಷ್ಟ್ರ ಎಷ್ಟು ಹತ್ತಿರ ಎಂದು ಹೇಳಬೇಕಿಲ್ಲ. ಆಳಂದದಿಂದ ಅಕ್ಕಲಕೋಟೆ, ಉಮರ್ಗಾ ದಾರಿ ಹಿಡಿದರೆ ಭಾಷೆ ಬದಲಾಗುವ ಮೊದಲೇ ನಂಬರ್ ಪ್ಲೇಟ್ ಬದಲಾಗುತ್ತದೆ. ‘ಎಂಎಚ್ 13 ಪಾಸಿಂಗ್ ಗಾಡಿ ಅದ, ಅಗ್ಗ ಬರ್ತದ’ ಎಂಬ ಮಾತು ಕಿವಿಗೆ ಇಂಪು. ಆ ಅಗ್ಗದೊಳಗೆ ಕರ್ನಾಟಕದ ತೆರಿಗೆ ಅಡಗಿ ಕೂತಿರುತ್ತದೆ. ಸೊಲ್ಲಾಪುರದ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ತರಬೇಕು, ಗಾಡಿಯ ವಯಸ್ಸಿಗೆ ತಕ್ಕ ಜೀವಿತಾವಧಿ ತೆರಿಗೆ ಇಲ್ಲಿ ಕಟ್ಟಬೇಕು, ಕಲಬುರಗಿಯ ಕೆಎ 32 ನಂಬರ್ ಪಡೆಯಬೇಕು. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳು ಮೀರಿ ಇಲ್ಲಿದ್ದರೆ ಹೊಸ ನಂಬರ್ ಕಡ್ಡಾಯ ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಹಾಗಾಗಿ ಒಂದೇ ಇಸವಿಯ ಎರಡು ಕಾರುಗಳಲ್ಲಿ ಕೆಎ 32 ಇರುವುದು ತುಸು ತುಟ್ಟಿಯಾದರೆ ಅದು ಮೋಸವಲ್ಲ. ಕಟ್ಟಿದ ತೆರಿಗೆ ಗಾಡಿಯ ಜತೆಗೇ ಬರುತ್ತದೆ.

ಸಾಲದ ಗಾಡಿಯದು ಇನ್ನೊಂದು ಗಂಟು. ಕಂತು ತೀರಿದ್ದರೂ ಆರ್‌ಸಿಯ ಮೇಲೆ ಫೈನಾನ್ಸ್ ಕಂಪನಿಯ ಹೆಸರು ಹಾಗೇ ಉಳಿದಿರುತ್ತದೆ. ನಮೂನೆ 35ರಲ್ಲಿ ಅವರ ಸಹಿ ತಂದು ಹೆಸರು ತೆಗೆಸುವವರೆಗೆ ಅದು ಅರ್ಧ ಮಾರಿದ ಗಾಡಿ. ಕಂತು ಬಾಕಿ ಇರುವಾಗಲೇ ‘ಉಳಿದ ಕಂತು ನೀನ ಕಟ್ಕೋ ತಮ್ಮಾ’ ಎಂದು ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟು ಕೈ ತೊಳೆದುಕೊಳ್ಳುವ ರೂಢಿ ನಮ್ಮಲ್ಲಿ ಬಹಳ. ಅದು ಎಷ್ಟು ಅಪಾಯ ಎಂಬುದಕ್ಕೆ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಮೊಕದ್ದಮೆ ಸಾಕು. ಕಾರು ಮೊದಲ ಒಡೆಯನ ಕೈಬಿಟ್ಟು ಕೈಯಿಂದ ಕೈಗೆ ದಾಟಿತ್ತು, 2009ರಲ್ಲಿ ಅಪಘಾತವಾಯಿತು. ಆರ್‌ಸಿ ಪುಸ್ತಕದಲ್ಲಿ ಹೆಸರು ಮಾತ್ರ ಮೊದಲಿನವನದೇ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಪರಿಹಾರದ ಹೊರೆಯನ್ನು ಅವನ ಮೇಲೆಯೇ ಹೊರಿಸಿತು. ಯಾರ ಹೆಸರಿಗೆ ನೋಂದಣಿಯೋ ಅವನೇ ಒಡೆಯ. ಹಣ ಎಣಿಸಿಕೊಂಡು ಎರಡು ವರ್ಷವಾಗಿದ್ದರೂ ಅಷ್ಟೆ.

ಹೀಗಾಗಿ ಮಾರಿದ ಕೂಡಲೇ ಹೆಸರು ವರ್ಗಾಯಿಸಬೇಕು. ಅದಕ್ಕೆ ನಮೂನೆ 29 ಮಾರುವವನ ಕಾಗದ, ನಮೂನೆ 30 ಇಬ್ಬರದೂ. ರಾಜ್ಯದೊಳಗೇ ಮಾರಿದರೆ ಮಾರಿದವನು 14 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು, ಕೊಂಡವನಿಗೆ 30 ದಿನ. ‘ಸಹಿ ಹಾಕಿ ಖಾಲಿ ಬಿಟ್ಟು ಕೊಡ್ರಿ ಸಾವ್ಕಾರ್ರ, ಗಿರಾಕಿ ಸಿಕ್ಕಮ್ಯಾಲ ತುಂಬತೀವಿ’ ಎನ್ನುವ ದಲ್ಲಾಳಿಗೆ ಕೈಮುಗಿದು ಬಿಡಬೇಕು. 2023ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ, ಪರವಾನಗಿ ಪಡೆದ ಡೀಲರಿಗೆ ಗಾಡಿ ಒಪ್ಪಿಸಿ ಅದನ್ನು ಪೋರ್ಟಲ್‌ನಲ್ಲಿ ತಿಳಿಸಿದರೆ ಅಲ್ಲಿಂದ ಹೊಣೆ ಡೀಲರನದು. ಬೀದಿಬದಿಯ ದಲ್ಲಾಳಿಗೆ ಈ ಮಾತು ಅನ್ವಯಿಸದು. ಯಾರಿಗೆ ಕೊಟ್ಟರೂ, ಯಾವ ತಾರೀಖು, ಎಷ್ಟು ಗಂಟೆಗೆ ಕೀಲಿ ಕೈಗಿತ್ತೆ ಎಂದು ಬರೆಸಿ ಸಹಿ ಹಾಕಿಸಿಕೊಳ್ಳುವುದು ಒಳಿತು. ಆ ಸಂಜೆಯೇ ಅದು ಯಾರನ್ನಾದರೂ ಗುದ್ದೀತು.

ಕಾಲವೂ ಬೆಲೆ ಕಟ್ಟುತ್ತದೆ. ತೊಗರಿ ರಾಶಿಯಾಗಿ ಕೈಗೆ ದುಡ್ಡು ಬರುವ ಜನವರಿಯಿಂದ ಮಾರ್ಚ್‌ವರೆಗೆ ಇಲ್ಲಿ ಟ್ರ್ಯಾಕ್ಟರ್, ಬೈಕು, ಕಾರು ಎಲ್ಲಕ್ಕೂ ಗಿರಾಕಿ. ಬಿತ್ತನೆಯ ಜೂನ್‌ನಲ್ಲಿ ಮಾರಲು ಹೊರಟವನು ಗರಜು ಬಿದ್ದವನೆಂದು ಎಲ್ಲರಿಗೂ ಗೊತ್ತು, ಬೆಲೆಯೂ ಹಾಗೇ ಕೇಳುತ್ತಾರೆ. ದೆಹಲಿಯ ತೀರ್ಮಾನಗಳೂ ನಮ್ಮ ಅಂಗಳಕ್ಕೆ ಬಂದು ಮುಟ್ಟುತ್ತವೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು, ಸಣ್ಣ ಕಾರುಗಳದು 28ರಿಂದ 18ಕ್ಕೆ. ಹೊಸದರ ಬೆಲೆ ಇಳಿದರೆ ಹಳೆಯದು ತಾನಾಗಿ ಇಳಿಯಬೇಕು. ‘ನಾ ಕೊಂಡಾಗ ಇಷ್ಟಿತ್ತು’ ಎಂಬ ವಾದ ಆಮೇಲೆ ನಡೆಯುವುದಿಲ್ಲ.

ಬೆಲೆ ಕುದುರಿತು, ಹಣ ಬಂತು, ಕಾಗದಕ್ಕೆ ಸಹಿ ಬಿತ್ತು ಎಂದ ಮೇಲೂ ಎರಡು ಸಣ್ಣ ಕೆಲಸ ಉಳಿಯುತ್ತವೆ. ಐದು ವರ್ಷ ವಿಮೆ ಪರಿಹಾರ ಕೇಳದಿದ್ದವರಿಗೆ ಮುಂದಿನ ಕಂತಿನಲ್ಲಿ ಸ್ವಂತ ಹಾನಿಯ ಭಾಗಕ್ಕೆ ಶೇ. 50ರವರೆಗೆ ರಿಯಾಯಿತಿ ಇರುತ್ತದೆ. ಅದು ಮನುಷ್ಯನದು, ಕಾರಿನದಲ್ಲ. ವಿಮೆ ಕಂಪನಿಯಿಂದ ಪತ್ರ ಪಡೆದರೆ ಮೂರು ವರ್ಷದೊಳಗೆ ಕೊಳ್ಳುವ ಹೊಸ ಗಾಡಿಗೆ ಅದನ್ನು ಬಳಸಬಹುದು. ಇನ್ನೊಂದು, ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್. ಅದನ್ನು ಕಿತ್ತು ಖಾತೆ ಮುಚ್ಚಿಸದಿದ್ದರೆ, ಯಾರದೋ ಕೈಗೆ ಹೋದ ಕಾರು ಸೊಲ್ಲಾಪುರದ ಟೋಲ್ ದಾಟಿದಾಗಲೆಲ್ಲ ನಿಮ್ಮ ಮೊಬೈಲಿಗೆ ಹಣ ಕಡಿತದ ಸಂದೇಶ ಬರುತ್ತದೆ.